ಮಲ್ಲಿಗೆಯ ಟ್ರೇಯಲ್ಲಿ ಅಲಿಯಂ ಗಡ್ಡೆ

ನಿಮಗೆ ಹೀಗೆ ಆಗಿದ್ದುಂಟಾ? ಮನೆಯಲ್ಲಿ ಏನೋ ಒಂದು ವಾಸನೆ ನಿಮ್ಮ ಮೂಗಿಗೆ ಬಡಿಯುತ್ತದೆ. ಅಡುಗೆಮನೆಗೆ ಓಡುತ್ತೀರಿ, ಗ್ಯಾಸಿನ ನಾಬ್ ತಿರುಗಿಸಿ ನೋಡುತ್ತೀರಿ, ಕಸದ ಬುಟ್ಟಿಗೆ ಬಗ್ಗುತ್ತೀರಿ, ಸ್ವಿಚ್ ಬೋರ್ಡಿಗೂ ಮೂಗು ಹಚ್ಚುತ್ತೀರಿ. ಕೊನೆಗೆ ಮನೆಯವರನ್ನು ಕರೆದು "ನಿಮಗೆ ಬರ್ತದಾ?" ಎಂದು ಕೇಳುತ್ತೀರಿ. ಅವರು ಮೊಬೈಲಿನಿಂದ ಕಣ್ಣು ತೆಗೆಯದೆ "ಎಂತದೂ ಇಲ್ಲ" ಅನ್ನುತ್ತಾರೆ. ವಾಸನೆಗಿಂತ ಆ "ಎಂತದೂ ಇಲ್ಲ" ಕೇಳಿಯೇ ಎದೆ ಹೊಡೆದುಕೊಳ್ಳುವುದು. ನನಗಂತೂ ಇದು ದಿನನಿತ್ಯದ ಕತೆ.

ಇವತ್ತು ಬೆಳಿಗ್ಗೆ ಫ್ರಿಜ್ಜಿನಿಂದ ಸ್ಟೀಲ್ ಡಬ್ಬಿ ತೆಗೆದು, ಅದರೊಳಗೆ ಪೇಪರಿನಲ್ಲಿ ಸುತ್ತಿಟ್ಟ ಅಲಿಯಂ ಎಂಬ ಹೂಗಿಡದ ಗಡ್ಡೆಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಮೆತ್ತಗಾದದ್ದು ಸಿಕ್ಕಿದರೆ ಎಸೆಯಬೇಕು, ಇಲ್ಲದಿದ್ದರೆ ಪಕ್ಕದ್ದನ್ನೂ ಕೊಳೆಸಿಬಿಡುತ್ತದೆ. ಒಂದು ಮೆತ್ತಗಾಗಿತ್ತು. ಒತ್ತಿದ ಕೂಡಲೇ ವಾಸನೆ ಗಪ್ಪೆಂದು ಮೇಲೆ ಬಂತು. ಆ ವಾಸನೆ ಬಂದರೆ ನನಗೆ ಮೂರು ವರ್ಷ ಹಿಂದಿನ ಗುಲಾಬಿಯಕ್ಕ ನೆನಪಾಗುತ್ತಾರೆ. ಈಗಿನ ಗುಲಾಬಿಯಕ್ಕ ಅಲ್ಲೇ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು.

ಗುಲಾಬಿಯಕ್ಕ ನನ್ನ ಗಂಡನ ಅಕ್ಕ. ಮದುವೆ ಆಗಲಿಲ್ಲ, ಆಗಲಿಲ್ಲ ಎನ್ನುವುದಕ್ಕಿಂತ, ಕೇಳಿಕೊಂಡು ಬಂದವರನ್ನು ಒಬ್ಬೊಬ್ಬರನ್ನಾಗಿ ಚಾ ಕುಡಿಸಿ ಕಳಿಸಿದರು ಎನ್ನುವುದು ಸರಿ. ಕಾಪುವಿನಿಂದ ಒಳಗೆ ನಮ್ಮ ಮನೆ. ಹಿತ್ತಲಿನಲ್ಲಿ ಸಾಲಾಗಿ ಮಲ್ಲಿಗೆ ಗಿಡ, ಅದೆಲ್ಲ ಅಕ್ಕನದು. ಬೆಳಕು ಹರಿಯುವ ಮೊದಲೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಬಾಳೆಲೆಯಲ್ಲಿ ಸುತ್ತಿ ಇಟ್ಟರೆ ಸದಾಶಿವ ಸ್ಕೂಟರಿನಲ್ಲಿ ಬಂದು ಮಲ್ಲಿಗೆ ಮಾರುವ ಹೂವಿನ ಕಟ್ಟೆಗೆ ಒಯ್ಯುತ್ತಾನೆ. ಆಮೇಲೆ ನಾನು ಮಣಿಪಾಲದ ಆಫೀಸಿಗೆ ಬಸ್ ಹತ್ತುತ್ತೇನೆ, ಇವರು, ಅಂದರೆ ನನ್ನ ಗಂಡ, ಕಾರ್ಕಳದ ಬ್ಯಾಟರಿ ಅಂಗಡಿಗೆ ಹೊರಡುತ್ತಾರೆ. ಸಂಜೆಯವರೆಗೆ ಮನೆಯಲ್ಲಿ ಅಕ್ಕ ಒಬ್ಬರೇ, ಮತ್ತು ಮಲ್ಲಿಗೆ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಮಂಡೆಬಿಸಿಯೆಲ್ಲ ಇಲ್ಲಿಂದಲೇ ಶುರು.

ಅಕ್ಕನ ಮೂಗಿನ ಬಗ್ಗೆ ಒಂದು ಮಾತು ಹೇಳಬೇಕು. ಪಕ್ಕದ ಮನೆಯಲ್ಲಿ ಬಂಗುಡೆ ಮೀನು ತೊಳೆದರೆ ಅದು ಇವತ್ತಿನದಾ ನಿನ್ನೆಯದಾ ಎಂದು ನಮ್ಮ ಜಗಲಿಯಿಂದಲೇ ಹೇಳುತ್ತಿದ್ದರು. ನಮ್ಮ ಫ್ರಿಜ್ಜಿನಲ್ಲಿ ಅವರದೇ ಕಾನೂನು. ಮೀನು ಮೇಲೆ ಫ್ರೀಜರಿನಲ್ಲಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ. ಸಾರು, ಪಲ್ಯ, ಮಜ್ಜಿಗೆ ನಡುವೆ. ಕೆಳಗಿನ ಟ್ರೇ ಹೂವಿಗೆ ಮಾತ್ರ. ಯಾರಾದರೂ ಹೂ ಹೇಳಿಟ್ಟಿದ್ದರೆ ಹಿಂದಿನ ದಿನ ಕಟ್ಟಿದ ಚೆಂಡು ಅಲ್ಲಿ ಇರುತ್ತದೆ. ಆ ಟ್ರೇ ಎಳೆಯಬೇಕಾದರೆ ಸ್ನಾನ ಆಗಿರಬೇಕು. ಮಲ್ಲಿಗೆ ಗಿಡದ ಬುಡಕ್ಕೆ ಮೀನು ತೊಳೆದ ನೀರು ಹಾಕುವವರೂ ಇದೇ ಅಕ್ಕ ಎಂದು ನಾನೊಮ್ಮೆ ನೆನಪಿಸಿದೆ. "ಬೇರಿಗೆ ಎಂತ ಬೇಕೋ ಅದು ಬೇರಿಗೆ, ಹೂವಿಗೆ ಎಂತ ಬೇಕೋ ಅದು ಹೂವಿಗೆ" ಎಂದರು.

ಇಂಥ ಮನೆಗೆ ನಾನು ಅಲಿಯಂ ತಂದೆ. ತಪ್ಪು ಮೊಬೈಲಿನದು. ಯಾವುದೋ ದೇಶದ ತೋಟ, ಹುಲ್ಲಿನ ನಡುವಿನಿಂದ ಉದ್ದುದ್ದ ದಂಟು, ದಂಟಿನ ತುದಿಯಲ್ಲಿ ಮಗುವಿನ ತಲೆಯಷ್ಟು ದೊಡ್ಡ ನೇರಳೆ ಚೆಂಡು. ನೀರುಳ್ಳಿಯ ಕುಟುಂಬವಂತೆ, ಆದರೆ ತಿನ್ನಲಿಕ್ಕಲ್ಲ, ಅಂದಕ್ಕೆ ಬೆಳೆಸುವುದಂತೆ. ಆ ವಿಡಿಯೋವನ್ನು ಮಣಿಪಾಲದಿಂದ ಮನೆಯವರೆಗೂ ಬಸ್ಸಿನಲ್ಲಿ ನೋಡುತ್ತಾ ಬಂದೆ. ನಮ್ಮ ಸೆಕೆಗೆ, ನಮ್ಮ ಉಪ್ಪುಗಾಳಿಗೆ ಅದು ಆಗುವ ಗಿಡವೇ ಅಲ್ಲ ಎಂದು ಕೆಳಗೆ ನಾಲ್ಕು ಜನ ಬರೆದಿದ್ದರು. ನಾನು ಅಂಥದ್ದನ್ನು ಓದಿ ಬಿಡುವವಳಾ? ತರಿಸಿದೆ. ಪ್ಯಾಕೆಟ್ಟಿನಲ್ಲಿ ಬರೆದಿತ್ತು: ಬಿಸಿ ಊರಿನವರು ನೆಡುವ ಮೊದಲು ಗಡ್ಡೆಯನ್ನು ಕೆಲವು ವಾರ ಫ್ರಿಜ್ಜಿನಲ್ಲಿ ಇಡಬೇಕು, ಚಳಿಗಾಲ ಬಂತೆಂದು ಅದಕ್ಕೆ ಅನ್ನಿಸಬೇಕು. ಪಾಪ, ಗಡ್ಡೆಗೆ ಮೋಸ ಮಾಡುವ ಕೆಲಸ.

ಫ್ರಿಜ್ಜಿನಲ್ಲಿ ಎಲ್ಲಿ ಇಡುವುದು? ನಡುವೆ ಇಟ್ಟರೆ ಇವರು ನೀರುಳ್ಳಿ ಎಂದುಕೊಂಡು ಆಮ್ಲೆಟ್ಟಿಗೆ ಹಾಕುತ್ತಾರೆ. ಮೇಲೆ ಇಟ್ಟರೆ ಮಂಜುಗಡ್ಡೆ. ನಾನು ಯೋಚಿಸಿದೆ: ಇದು ಹೂವಿನ ಗಡ್ಡೆ, ಹೂವಿನ ಟ್ರೇ ಉಂಟಲ್ಲ. ಸ್ನಾನ ಮಾಡಿಯೇ ಇಟ್ಟೆ, ನಂಬಿ. ಅಕ್ಕನಿಗೂ ಹೇಳಿದೆ.

"ಅಕ್ಕ, ಕೆಳಗೆ ಒಂದು ಪೊಟ್ಟಣ ಇಟ್ಟಿದ್ದೇನೆ. ಹೂವಿನದ್ದು."

"ಎಂತ ಹೂವು?"

"ನೇರಳೆ. ಫಾರಿನ್ನದು."

"ಹೂವಾದರೆ ಇರಲಿ."

ದಿನಗಳು ಹೋದವು. ಅಕ್ಕ ದಿನಾ ಆ ಟ್ರೇ ಎಳೆಯುತ್ತಿದ್ದರು, ಹಾಕುತ್ತಿದ್ದರು, ಒಂದು ಮಾತಿಲ್ಲ. ನಾನು ಒಳಗೊಳಗೇ ಬೀಗಿದೆ. ನೋಡಿದಿರಾ, ಒಳ್ಳೆಯ ಜಾತಿಯ ಗಡ್ಡೆ, ವಾಸನೆಯೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಗಡ್ಡೆ ಹೇಗುಂಟು ನೋಡುವ ಎಂದು ಟ್ರೇ ಎಳೆದೆ. ಮದುವೆಮನೆಯ ಅಡುಗೆಯವರು ಮೂಟೆ ನೀರುಳ್ಳಿ ಹೆಚ್ಚಿ ರಾತ್ರಿಯಿಡೀ ಬಿಟ್ಟರೆ ಹೇಗೆ ನಾರುತ್ತದೋ ಹಾಗಿತ್ತು. ಎರಡು ಗಡ್ಡೆ ಕೊಳೆತು ನೀರಾಗಿದ್ದವು. ಪಕ್ಕದಲ್ಲೇ ಬಾಳೆಲೆಯಲ್ಲಿ ಅಕ್ಕನ ಮಲ್ಲಿಗೆ. ಅಲೆವೂರಿನ ಒಂದು ಮನೆಯವರು ನಾಗನ ತಂಬಿಲಕ್ಕೆಂದು ಹೇಳಿಟ್ಟ ಹೂವು. ನಾಗನ ಪೂಜೆಯ ದಿನ ನಮ್ಮ ಕಡೆ ನೀರುಳ್ಳಿ ಮುಟ್ಟುವವರಿಲ್ಲ, ಅಡುಗೆಗೂ ಹಾಕುವುದಿಲ್ಲ. ಹೇಳುವುದಾ, ಹೊಸ ಹೂ ಕಟ್ಟಿಸುವುದಾ ಎಂದು ನಾನು ತಡವರಿಸುತ್ತಿರುವಾಗಲೇ ಅಕ್ಕ ಬಂದು ಪೊಟ್ಟಣ ಬಿಚ್ಚಿ, ಕಣ್ಣ ಹತ್ತಿರ ಹಿಡಿದು ನೋಡಿ, "ಬಾಡದೆ ಒಳ್ಳೆ ನಿಂತಿದೆ ಹೂವು" ಎಂದು ಮಡಚಿ, ಅಂಗಳದಲ್ಲಿ ಕಾಯುತ್ತಿದ್ದ ಸದಾಶಿವನ ಕೈಗೆ ಕೊಟ್ಟೇಬಿಟ್ಟರು.

ಸದಾಶಿವ ಚೀಲಕ್ಕೆ ಹಾಕಲು ಹೋಗಿ ನಿಂತ. "ಗುಲಾಬಿಯಕ್ಕ, ಎಂತ ಇದು, ಮಲ್ಲಿಗೆಗೆ ಒಗ್ಗರಣೆ ಹಾಕಿದ್ದಾ?"

"ನಿನ್ನ ಕೈಯದ್ದು ಅದು. ಬೆಳಿಗ್ಗೆ ಎಂತ ತಿಂದು ಬಂದಿದ್ದಿ?"

"ನಾನು ಚಾ ಕುಡಿದು ಬಂದದ್ದು ಮಾತ್ರ. ಸತ್ಯವಾಗಿ ನೀರುಳ್ಳಿ ಬರ್ತದೆ ಅಕ್ಕ. ಇದನ್ನು ನಾಗನಿಗೆ ಕೊಂಡು ಹೋದರೆ ನನ್ನ ಸ್ಕೂಟರ್ ಮನೆ ಮುಟ್ಟಲಿಕ್ಕಿಲ್ಲ."

"ನಿನಗೆ ಇವತ್ತು ಹೊರಲಿಕ್ಕೆ ಉದಾಸೀನ. ಹಾಗೆ ಹೇಳು."

"ಹೊರುವುದು ಸ್ಕೂಟರು ಅಕ್ಕ, ನಾನಲ್ಲ."

ಅವನು ಆ ದಿನ ಬೆಳಿಗ್ಗೆ ಕೊಯ್ದ ಹೂವನ್ನು ಮಾತ್ರ ಒಯ್ದ. ತಂಬಿಲದ ಮನೆಗೆ ಅದರಿಂದಲೇ ಕೊಡುತ್ತೇನೆ ಎಂದ. ಅಕ್ಕನಿಗೆ ಅವಮಾನ. ಹಟಕ್ಕೆ ಬಿದ್ದವರಂತೆ ಉಳಿದ ಚೆಂಡನ್ನು ಬಿಚ್ಚಿ, ಒಂದು ಮೊಳ ಕತ್ತರಿಸಿ, "ನೋಡು, ಎಂತ ಆಗಿದೆ ಇದಕ್ಕೆ" ಎಂದು ತಾನೇ ಮುಡಿದುಕೊಂಡರು. ಆ ದಿನವಿಡೀ ಅಕ್ಕ ತಲೆಯಲ್ಲಿ ನೀರುಳ್ಳಿ ನಾರುವ ಮಲ್ಲಿಗೆ ಮುಡಿದುಕೊಂಡು ಮನೆಯಲ್ಲಿ ಓಡಾಡಿದರು. ದೇವರಿಗೆ ದೀಪ ಹಚ್ಚಿದರು, ನನ್ನ ಪಕ್ಕ ಕೂತು ಗಂಜಿ ಉಂಡರು, ಮಧ್ಯಾಹ್ನ ತಲೆದಿಂಬಿಗೆ ತಲೆ ಕೊಟ್ಟು ಮಲಗಿದರು.

ನಾನು ಬಯ್ಗುಳ ಕಾಯುತ್ತಿದ್ದೆ. ಬಯ್ಗುಳ ಬರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆಯುತ್ತಾ ನಿಂತಿದ್ದಾಗ ನನಗೆ ಹೊಳೆಯಿತು: ಅಕ್ಕ ಹಟ ಮಾಡುತ್ತಿಲ್ಲ. ಅವರಿಗೆ ವಾಸನೆಯೇ ಬರುತ್ತಿಲ್ಲ.

ಅದು ಹೊಳೆದದ್ದೇ ತಡ, ಇನ್ನೊಂದು ನೆನಪು ಬಂತು. ಅದಕ್ಕೆ ಸ್ವಲ್ಪ ದಿನ ಮೊದಲು ಸಂಜೆ ಆಫೀಸಿನಿಂದ ಬಂದು ಬಾಗಿಲು ದೂಡಿದಾಗ ಮನೆ ತುಂಬ ಗ್ಯಾಸಿನ ವಾಸನೆ. ಹಾಲು ಉಕ್ಕಿ ಬೆಂಕಿ ನಂದಿಹೋಗಿತ್ತು, ಗ್ಯಾಸ್ ಸುಯ್ಯೆಂದು ಬರುತ್ತಲೇ ಇತ್ತು. ಅಕ್ಕ ಪಕ್ಕದ ದೇವರ ಕೋಣೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು, ಬೆಂಕಿಪೆಟ್ಟಿಗೆ ಮಡಿಲಲ್ಲಿ. ನಾನು ನಾಬ್ ತಿರುಗಿಸಿ, ಕಿಟಕಿ ತೆರೆದು ಬೊಬ್ಬೆ ಹಾಕಿದಾಗ "ಈಗಷ್ಟೇ ನಂದಿದ್ದು ಮಾರಾಯ್ತಿ, ನಾನು ಏಳುವವಳೇ ಇದ್ದೆ" ಎಂದಿದ್ದರು. ನಾನು ನಂಬಿದ್ದೆ. ಪಕ್ಕದ ಮನೆಯ ಬಂಗುಡೆಯ ವಯಸ್ಸು ಹೇಳುವ ಮೂಗು, ಯಾಕೆ ನಂಬಬಾರದು?

ಆ ಸಂಜೆ ಕೇಳಿದೆ. ಸುತ್ತಿ ಬಳಸಿ ಕೇಳಲಿಕ್ಕೆ ನನಗೆ ಬರುವುದಿಲ್ಲ. "ಅಕ್ಕ, ನಿಮಗೆ ವಾಸನೆ ಬರ್ತದಾ?"

ಅಕ್ಕ ಕೈಯಲ್ಲಿದ್ದ ನಾರನ್ನು ಉಗುರಿನಿಂದ ಸೀಳುತ್ತಲೇ ಇದ್ದರು. ಅದು ಸೀಳಿ ಮುಗಿದ ಮೇಲೆ "ನಿಜ ಹೇಳು, ಆ ಹೂವಿನಲ್ಲಿ ನೀರುಳ್ಳಿ ಇತ್ತಾ?" ಎಂದರು.

"ಇತ್ತು."

"ಜೋರಾ?"

"ಜೋರು."

ತಲೆಯಿಂದ ಮಾಲೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ವರ್ಷದ ಜ್ವರದಲ್ಲಿ ಹೋದದ್ದು, ಇವತ್ತು ಬರ್ತದೆ ನಾಳೆ ಬರ್ತದೆ ಎಂದು ಕಾದದ್ದು, ಮತ್ತೆ ಬರಲೇ ಇಲ್ಲ ಎಂದರು. ಮನೆಯಲ್ಲಿ ಮೂರು ಜನ, ಒಂದೇ ಪಾತ್ರೆಯ ಅನ್ನ ಉಣ್ಣುವವರು, ನಮಗೆ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗುತ್ತದೆ ಹೇಳಿ. ಮೂಸಿದ ಹೂವು ದೇವರಿಗೆ ಆಗುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೂ ಕೊಯ್ಯುವವರು, ಕಟ್ಟುವವರು ಯಾರೂ ಅದನ್ನು ಮೂಗಿನ ಹತ್ತಿರ ತರುವುದಿಲ್ಲ. ಅಕ್ಕನಂತೂ ಹುಟ್ಟಿದಲ್ಲಿಂದ ಮಲ್ಲಿಗೆಯನ್ನು ಮೂಸಿದವರಲ್ಲ. ಅದು ತಾನಾಗಿ ಅವರ ಮೂಗಿಗೆ ಬರುತ್ತಿತ್ತು, ಅಷ್ಟೇ. ಬರುವುದು ನಿಂತಾಗ ಹೊರಗಿನವರಿಗೆ ಕಾಣುವಂಥದ್ದು ಏನೂ ಬದಲಾಗಲಿಲ್ಲ.

"ಹೇಳಬಾರದಿತ್ತಾ?" ಎಂದೆ.

"ಹೇಳಿ? ಮೂಗಿಲ್ಲದವಳ ಮಲ್ಲಿಗೆ ಅಂತ ಕಟ್ಟೆಯಲ್ಲಿ ಹೆಸರು ಬರ್ತದೆ. ನಿನ್ನ ಗಂಡ ಗಿಡ ಕಡಿದು ಅಲ್ಲಿ ಕಾರು ನಿಲ್ಲಿಸ್ತಾನೆ."

"ನಮಗೆ ಕಾರಿಲ್ಲ ಅಕ್ಕ."

"ಜಾಗ ಸಿಕ್ಕಿದರೆ ತಗೊಳ್ತಾನೆ."

ಆಮೇಲಿನ ವಾರಗಳು ಹೇಗೆ ಹೋದವು ಎಂದು ಕೇಳಬೇಡಿ. ಮೂಗು ಕೆಲಸ ಮಾಡದಿದ್ದರೆ ಎಂತೆಂಥ ಕಾಯಿಲೆ ಇರಬಹುದೆಂದು ಮೊಬೈಲಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಕೊನೆಗೆ ಮಣಿಪಾಲದಲ್ಲಿ ಒಬ್ಬರು ಡಾಕ್ಟರಮ್ಮನಿಗೆ ತೋರಿಸಿದೆವು. ಸ್ಕ್ಯಾನಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೂಗಿಗೆ ದಿನಾ ಪಾಠ ಮಾಡಿಸಿ, ಜೋರಾದ ಬೇರೆ ಬೇರೆ ವಾಸನೆ ಒಂದೊಂದಾಗಿ ಹಿಡಿದು ಮೂಸಿಸಿ, ಕಲಿತರೂ ಕಲಿಯಬಹುದು, ಗ್ಯಾರಂಟಿ ಇಲ್ಲ ಎಂದರು. ಅಕ್ಕ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ "ಈ ವಯಸ್ಸಿನಲ್ಲಿ ಮೂಗನ್ನು ಶಾಲೆಗೆ ಸೇರಿಸ್ಬೇಕಂತೆ" ಎಂದರು.

ಇವರು ಬ್ಯಾಟರಿ ಅಂಗಡಿಯವರಲ್ಲವೇ, ಎಲ್ಲದಕ್ಕೂ ಒಂದು ಮೆಶಿನು. ಗ್ಯಾಸ್ ಸೋರಿದರೆ ಕೂಗುವ ಅಲಾರಂ ತಂದು ಅಡುಗೆಮನೆಯಲ್ಲಿ ಹಾಕಿದರು. ಅದಕ್ಕೆ ಗ್ಯಾಸಿಗೆ ಕೂಗುವ ಅವಕಾಶವೇ ಬರಲಿಲ್ಲ. ಒಗ್ಗರಣೆಗೆ ಕೂಗಿತು, ಬೂತಾಯಿ ಮೀನು ಹುರಿದರೆ ಕೂಗಿತು, ಅಗರಬತ್ತಿಗೂ ಕೂಗಿತು. ಒಂದು ದಿನ ಪೂರ್ತಿ ಸುಮ್ಮನಿತ್ತು. ಸ್ಟೂಲ್ ಹಾಕಿ ಹತ್ತಿ ನೋಡಿದರೆ ಹೊಟ್ಟೆ ಖಾಲಿ. ಅದರ ಬ್ಯಾಟರಿ ಅಕ್ಕನ ಟಾರ್ಚಿನಲ್ಲಿತ್ತು.

"ಅದು ಮನೆಯಲ್ಲಿ ಅತ್ತೆ ಇದ್ದ ಹಾಗೆ ಮಾರಾಯ್ತಿ. ಒಂದು ಸಾಸಿವೆ ಸಿಡಿಯುವ ಹಾಗಿಲ್ಲ" ಎಂದರು ಅಕ್ಕ. ಅತ್ತೆಯ ವಿಷಯ ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.

ಅಂದಿನಿಂದ ನಾನು ಎರಡು ಜನರ ಮೂಗು ಹೊತ್ತುಕೊಂಡು ಬದುಕುತ್ತಿದ್ದೇನೆ. ಗೇಟಿನವರೆಗೆ ಹೋಗಿ ವಾಪಸ್ ಬಂದು ನಾಬ್ ಮುಟ್ಟಿ ನೋಡುತ್ತೇನೆ. ಬಸ್ ಉಡುಪಿ ದಾಟುವ ಮೊದಲು ಫೋನ್ ಮಾಡುತ್ತೇನೆ. ಆಫೀಸಿನಲ್ಲಿ ನನ್ನ ಪಕ್ಕ ಕೂತುಕೊಳ್ಳುವವಳು "ಗ್ಯಾಸ್ ಮೇಡಂ" ಎಂದು ಹೆಸರಿಟ್ಟಿದ್ದಾಳೆ. ಫೋನ್ ಎತ್ತಲು ಅಕ್ಕ ತಡ ಮಾಡಿದರೆ ಕಂಪ್ಯೂಟರಿನಲ್ಲಿ ಎಂತ ಒತ್ತುತ್ತಿದ್ದೇನೆ ಎನ್ನುವುದೂ ತಿಳಿಯುವುದಿಲ್ಲ. ಅವರು ನಿಧಾನ ಎತ್ತಿ, "ಗಿಡಕ್ಕೆ ನೀರು ಹಾಕ್ತಾ ಇದ್ದೆ. ಇನ್ನೂ ಸಾಯಲಿಲ್ಲ, ನೀನು ಕೆಲಸ ಮಾಡು" ಅನ್ನುತ್ತಾರೆ.

ಅಲಿಯಂ ಎಂತ ಆಯಿತು ಎಂದು ಕೇಳುತ್ತೀರಿ ಅಲ್ವಾ? ಉಳಿದ ಗಡ್ಡೆಗಳನ್ನು ಅಕ್ಕನ ಅಪ್ಪಣೆಯಂತೆ ಮಲ್ಲಿಗೆಯಿಂದ ದೂರ, ಬಾವಿಕಟ್ಟೆಯ ಆಚೆ ಮರಳು ಬೆರೆಸಿದ ಕುಂಡಗಳಲ್ಲಿ ನೆಟ್ಟೆ. ಹೆಚ್ಚಿನವು ಮಣ್ಣಿನೊಳಗೇ ಕೊಳೆತವು. ಕೆಲವು ಎಲೆ ಬಿಟ್ಟು, ನಮ್ಮ ಸೆಕೆ ನೋಡಿ ಮಲಗಿದವು. ಒಂದೇ ಒಂದು ದಂಟು ಎದ್ದು ಹೂ ಬಿಟ್ಟಿತು. ಮಗುವಿನ ತಲೆಯೆಲ್ಲಿ, ಲಿಂಬೆಹಣ್ಣಿನಷ್ಟು. ಹತ್ತಿರದಿಂದ ಫೋಟೋ ತೆಗೆದರೆ ಎಲ್ಲವೂ ದೊಡ್ಡದೇ. ಇಲ್ಲೇ ಪೋಸ್ಟ್ ಮಾಡಿದ್ದೆ, ನೀವೇ ಲೈಕ್ ಹಾಕಿದ್ದೀರಿ, ನೆನಪುಂಟಾ? ಅಕ್ಕ ಬಂದವರಿಗೆಲ್ಲ "ನಮ್ಮವಳು ನೀರುಳ್ಳಿ ಸಾಕ್ತಾಳೆ" ಎಂದು ತೋರಿಸಿದರು. ಆದರೂ ಪ್ರತಿ ವರ್ಷ ತರಿಸುತ್ತೇನೆ. ಆ ಗಡ್ಡೆ ಕೊಳೆಯದಿದ್ದರೆ ನಮಗೆ ಯಾವಾಗ ಗೊತ್ತಾಗುತ್ತಿತ್ತು? ಗಡ್ಡೆ ಈಗ ಹೂವಿನ ಟ್ರೇಗೆ ಹೋಗುವುದಿಲ್ಲ. ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಸಾರು ಮಜ್ಜಿಗೆಯ ಜೊತೆ ಅದರ ಜಾಗ.

ಮೂಗಿನ ಶಾಲೆ ದಿನಾ ಬೆಳಿಗ್ಗೆ ಹೂ ಕಟ್ಟಿ ಮುಗಿದ ಮೇಲೆ. ದೇವರಿಗೂ ಕಟ್ಟೆಗೂ ಹೋಗದ ಕೆಲವು ಮೊಗ್ಗನ್ನು ಅಕ್ಕ ಬೇರೆ ತೆಗೆದಿಡುತ್ತಾರೆ, ಅವು ಪಾಠಕ್ಕೆ. ಕಣ್ಣು ಮುಚ್ಚಿ ಕೂತುಕೊಳ್ಳುತ್ತಾರೆ. ನಾನು ಲವಂಗ, ಕಾಫಿಪುಡಿ, ಲಿಂಬೆ ಎಲೆ, ಮಲ್ಲಿಗೆ ಒಂದೊಂದಾಗಿ ಹಿಡಿಯುತ್ತೇನೆ. ಮೂರು ವರ್ಷಗಳಿಂದ ಉತ್ತರ ಒಂದೇ, "ಇಲ್ಲ". ಕೆಲವೊಮ್ಮೆ ನನ್ನ ಮುಖ ನೋಡಲಾಗದೆ "ಎಂತದೋ ಇದ್ದ ಹಾಗೆ ಉಂಟು" ಎನ್ನುತ್ತಾರೆ. ನನ್ನನ್ನು ಸಮಾಧಾನ ಮಾಡಲು ಹೇಳುವುದು ಎಂದು ನನಗೆ ಗೊತ್ತಾಗುತ್ತದೆ, ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಗುತ್ತದೆ.

ಇವತ್ತು ಬೆಳಿಗ್ಗೆ ಮೆತ್ತಗಾದ ಗಡ್ಡೆಯನ್ನು ಎಸೆದು, ಕೈಗೆ ಸ್ವಲ್ಪ ನೀರು ತೋರಿಸಿ, ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಅಕ್ಕನ ಎದುರು ಕೂತೆ. ಮೊದಲು ಸಿಕ್ಕಿದ್ದು ಮಲ್ಲಿಗೆ ಮೊಗ್ಗು. ಎರಡು ಬೆರಳಲ್ಲಿ ಹಿಡಿದು ಅವರ ಮೂಗಿನ ಕೆಳಗೆ ಇಟ್ಟೆ. ಅಕ್ಕ ಉಸಿರು ಎಳೆದರು. ಇನ್ನೊಮ್ಮೆ ಎಳೆದರು. ಹುಬ್ಬು ಗಂಟಾಯಿತು.

"ನೀರುಳ್ಳಿ" ಎಂದರು.

ಇಷ್ಟು ವರ್ಷದ ಪಾಠ, ಈಗ ಬಾಯಿಗೆ ಬಂದದ್ದನ್ನು ಹೇಳುವ ಹಂತಕ್ಕೆ ಬಂದರು ಎಂದುಕೊಂಡೆ. "ಇಲ್ಲ ಅಕ್ಕ. ಇದು ಮಲ್ಲಿಗೆ" ಎಂದೆ, ಆದಷ್ಟು ಮೆತ್ತಗೆ.

ಅಕ್ಕ ಕಣ್ಣು ಬಿಟ್ಟರು. ಮೊಗ್ಗು ನೋಡಿದರು, ನನ್ನ ಬೆರಳು ನೋಡಿದರು. "ಮಲ್ಲಿಗೆ ಅಂತ ಕಣ್ಣಿಗೆ ಕಾಣ್ತದೆ, ನನಗೇನು ಕುರುಡಾ? ನೀರುಳ್ಳಿ ವಾಸನೆ ಬರ್ತದೆ. ಯಾವ ಕೈಯಲ್ಲಿ ಮುಟ್ಟಿದ್ದು ನೀನು ನನ್ನ ಹೂವನ್ನು?"

ನಾನು ಬೆರಳು ಮೂಸಿದೆ. ಮೊಗ್ಗು ಮೂಸಿದೆ. ನೀರುಳ್ಳಿಯೇ. ಅಲಿಯಂ ಗಡ್ಡೆಯ, ಕೊಳೆತ, ಹಳಸಿದ, ಸರಿಯಾದ ನೀರುಳ್ಳಿ.

"ಸಾಬೂನು ಹಾಕಿ ತೊಳೆಯಲಿಕ್ಕೆ ಎಂತ ಕಷ್ಟ? ಹೂವಿನ ಮನೆಯಲ್ಲಿ ಇದ್ದು ಇಷ್ಟು ಗೊತ್ತಾಗುವುದಿಲ್ಲವಾ? ಫಾರಿನ್ ನೀರುಳ್ಳಿ ಅಂತೆ, ಫಾರಿನ್ನು" ಎಂದು ಅಕ್ಕ ಬಯ್ಯುತ್ತಲೇ ಇದ್ದರು. ಮೂರು ವರ್ಷ ಹಿಂದೆ ಆ ಟ್ರೇ ಎಳೆದ ದಿನವೇ ಬರಬೇಕಾಗಿದ್ದ ಬಯ್ಗುಳ. ನಾನು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡೆ. ಬಯ್ಯುತ್ತಾ ಬಯ್ಯುತ್ತಾ ನಡುವೆ ಅವರೇ ನಿಂತರು. ನನ್ನ ಕೈಯನ್ನು ಎಳೆದು ತಮ್ಮ ಮೂಗಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತರು. ಉಸಿರು ನನ್ನ ಬೆರಳಿಗೆ ಬಿಸಿಯಾಗಿ ತಾಗುತ್ತಿತ್ತು.

ಆಮೇಲೆ ಕೈ ತೊಳೆದು ಬಂದು ಬೇರೆ ಮೊಗ್ಗು ಹಿಡಿದೆ. ಇಲ್ಲ. ಕಾಫಿಪುಡಿ, ಇಲ್ಲ. ಲವಂಗ, ಇಲ್ಲ. ನಾಳೆ ನೀರುಳ್ಳಿಯೂ ಇರುತ್ತದೋ ಇಲ್ಲವೋ. ಗ್ಯಾಸಿನ ವಾಸನೆ ಬರುತ್ತದೋ ಎಂದು ನೋಡುವುದಂತೂ ಹೇಗೆ? ಗೇಟಿನಿಂದ ವಾಪಸ್ ಬಂದು ನಾಬ್ ಮುಟ್ಟಿದೆ. "ಆಫ್ ಉಂಟು, ಹೋಗು ಮಾರಾಯ್ತಿ, ಬಸ್ ತಪ್ತದೆ" ಎಂದರು ಅಕ್ಕ. ಕೈಯಲ್ಲಿ ನಾನು ಹಾಳುಮಾಡಿದ ಆ ಮೊಗ್ಗು ಇನ್ನೂ ಇತ್ತು.

ಇದನ್ನು ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಡ್ರೈವರನ ತಪ್ಪು. ನಿಮ್ಮ ಮನೆಯಲ್ಲಿ ಯಾರದಾದರೂ ಮೂಗು ಹೀಗೆ ಹೋಗಿ ವಾಪಸ್ ಬಂದದ್ದುಂಟಾ? ಮೊದಲು ಬಂದ ವಾಸನೆ ಯಾವುದು, ಎರಡನೆಯದು ಬರಲು ಎಷ್ಟು ಕಾಲ ಹಿಡಿಯಿತು? ಬಾರದಿದ್ದರೆ ಅದನ್ನೂ ಬರೆಯಿರಿ, ನೀವು ಹೇಗೆ ನಿಭಾಯಿಸಿದಿರಿ ಹೇಳಿ. ನಾಳೆ ಬೆಳಿಗ್ಗೆ ಎಲ್ಲವನ್ನೂ ಅಕ್ಕನಿಗೆ ಓದಿ ಹೇಳುತ್ತೇನೆ. ಹೂ ಕಟ್ಟುವಾಗ ಅವರಿಗೆ ಕೈ ತುಂಬ ಕೆಲಸ, ಕಿವಿ ಮಾತ್ರ ಖಾಲಿ.